ಶಿಖರದ ಮೇಲಿನ ಸಹಿ

ದಾಖಲೆ ವಿಭಾಗದ ಗುಮಾಸ್ತ ಬಚ್ಚಲುಮನೆಯಲ್ಲಿ ಸೋಪಿನ ತುಂಡಿನ ಮೇಲೆ ಕಾಲಿಟ್ಟು ಜಾರಿಬಿದ್ದದ್ದು ಹನ್ನೆರಡು ವರ್ಷಗಳ ಹಿಂದೆ, ಒಂದು ಭಾನುವಾರ. ಪೆಟ್ಟು ಮೂರೇ ದಿನದಲ್ಲಿ ವಾಸಿಯಾಯಿತು. ಅದರಿಂದ ಹುಟ್ಟಿದ ತೊಂದರೆ ಮಾತ್ರ ಈ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಅವನನ್ನು ರಾಷ್ಟ್ರೀಯ ಉದ್ಯಾನದ ಗೇಟಿನ ಮುಂದೆ ತಂದು ನಿಲ್ಲಿಸಿತ್ತು.

ಆಗ ನಡೆದದ್ದಿಷ್ಟು. ಬಿದ್ದ ಮರುದಿನ ಅವನು ಮೊದಲ ಸಲ ಹುಡುಗಿಯ ಮನೆಗೆ ಹೋಗಿದ್ದ. ಹುಡುಗಿಯ ತಂದೆ ಶಾಲೆಯಲ್ಲಿ ಡ್ರಿಲ್ ಮೇಷ್ಟರು. ಕುರ್ಚಿಯಲ್ಲೂ ಎದೆಯುಬ್ಬಿಸಿ ಕೂರುವ ಆಸಾಮಿ. "ಯಾಕ್ರೀ ಕುಂಟ್ತಾ ಇದ್ದೀರಿ?" ಎಂದು ಅವರು ಗುಡುಗಿದಾಗ ಸೋಪಿನ ವಿಷಯ ಹೇಳಲು ನಾಚಿಕೆಯಾಯಿತು. ಗೋಡೆಯ ಮೇಲೆ ಪರ್ವತದ ಚಿತ್ರವೊಂದು ತೂಗುತ್ತಿತ್ತು. "ನಿನ್ನೆ ಇದರ ತುದಿಗೆ ಹೋಗಿದ್ದೆ. ಇಳಿಯುವಾಗ ಸ್ವಲ್ಪ ಉಳುಕಿತು" ಎಂದುಬಿಟ್ಟ. ತಾವೇ ಹತ್ತಬೇಕೆಂದು ಜೀವನವಿಡೀ ಆಸೆಪಟ್ಟು, ಒಂದಲ್ಲ ಒಂದು ಅಡ್ಡಿ ಬಂದು ಹತ್ತಲಾಗದಿದ್ದ ಮೇಷ್ಟರು ಎದ್ದು ನಿಂತು ಕೈಕುಲುಕಿದರು. ಅವರ ಮಟ್ಟಿಗೆ ಸಂಬಂಧ ಅಲ್ಲಿಗೇ ಗಟ್ಟಿಯಾಯಿತು. ಅಂದಿನಿಂದ ಕಂಡಕಂಡವರಿಗೆಲ್ಲ "ನಮ್ಮ ಅಳಿಯಂದ್ರು ಪರ್ವತ ಹತ್ತಿದವರು" ಎಂದೇ ಪರಿಚಯ. ಪರ್ವತ ಹತ್ತಿದವರು ಎರಡನೇ ಮಹಡಿಯ ಆಫೀಸಿಗೆ ಲಿಫ್ಟಿನಲ್ಲೇ ಹೋಗುತ್ತಿದ್ದರು.

ಸುಳ್ಳು ತನ್ನ ಪಾಡಿಗೆ ತಾನು ವಯಸ್ಸಾಗಿ ಸಾಯುತ್ತಿತ್ತೇನೋ. ಅಷ್ಟರಲ್ಲಿ ಕೆಳಮನೆಯ ಔಷಧಿ ಅಂಗಡಿಯವರು ಪೇಪರ್ ಹಿಡಿದು ಮೆಟ್ಟಿಲು ಹತ್ತಿ ಬಂದರು. ಮಾವ ಅಲ್ಲೇ ಕೂತಿದ್ದರು.

"ನೋಡಿದ್ರಾ ಮೇಷ್ಟ್ರೇ, ನಿಮ್ಮ ಅಳಿಯಂದ್ರು ಹತ್ತಿದ ಆ ಶಿಖರದ ಮೇಲೆ ಒಂದು ಕೋಣೆ ಇದೆಯಂತೆ. ಹತ್ತಿದವರೆಲ್ಲ ಅಲ್ಲಿ ಪುಸ್ತಕದಲ್ಲಿ ಹೆಸರು ಬರೀತಾರಂತೆ. ಇಪ್ಪತ್ತು ವರ್ಷದ ಪುಸ್ತಕ ಹಾಗೇ ಇಟ್ಟಿದ್ದಾರಂತೆ!"

"ಹಾಗಾದ್ರೆ ನಮ್ಮ ಅಳಿಯಂದ್ರ ಹೆಸರೂ ಇರುತ್ತೆ." ಮಾವ ಕುರ್ಚಿಯಿಂದ ಎದ್ದೇಬಿಟ್ಟರು. "ನಂಗೆ ಎಪ್ಪತ್ತಾಯ್ತು. ಮಂಡಿ ಇನ್ನೂ ಹೇಳಿದ ಮಾತು ಕೇಳುತ್ತೆ. ಅದೊಂದನ್ನ ಕಣ್ಣಾರೆ ನೋಡಿ ಬರೋಣ."

ಗುಮಾಸ್ತನಿಗೆ ಕೂತಲ್ಲೇ ಬೆವರಿತು. ಮಾವ ಏನನ್ನಾದರೂ ಕ್ಷಮಿಸುವವರು, ಸುಳ್ಳನ್ನಲ್ಲ. ಸ್ವಂತ ತಮ್ಮ ಯಾವುದೋ ಓಟದಲ್ಲಿ ಮೊದಲು ಬಂದೆನೆಂದು ಸುಳ್ಳು ಹೇಳಿದ್ದಕ್ಕೆ ಒಂಬತ್ತು ವರ್ಷ ಅವನ ಜೊತೆ ಮಾತು ಬಿಟ್ಟಿದ್ದರು.

ಗೇಟಿನಲ್ಲಿ ಕೂತಿದ್ದ ಹೆಂಗಸು ಪ್ರವೇಶ ಪುಸ್ತಕ ಮುಂದೆ ತಳ್ಳಿದಳು. ಗುಮಾಸ್ತ ಹೆಸರು ಬರೆದು, ಸಹಿ ಹಾಕಿ, ಕೆಳಗೆ ತಾರೀಕು ಬರೆದ.

"ತಾರೀಕು ಆಗ್ಲೇ ಪಕ್ಕದಲ್ಲಿದೆಯಲ್ಲ ಸಾರ್?"

"ಹಾಲಿನ ಚೀಟಿಗೂ ಹೀಗೇ ಸಹಿ ಹಾಕಿ ಕೆಳಗೆ ತಾರೀಕು ಬರೀತಾರೆ, ಬಿಡಿ" ಎಂದಳು ಹೆಂಡತಿ.

ಮಾವ ಕೊರಳಿನ ಸೀಟಿ ಊದಿದರು. ನಾಲ್ವರೂ ಹೊರಟರು.

ಮೊದಲ ಕಿಲೋಮೀಟರಿಗೇ ಗುಮಾಸ್ತನ ಎದೆ ತೂತುಬಿದ್ದ ಸೈಕಲ್ ಪಂಪಿನಂತೆ ಸದ್ದು ಮಾಡತೊಡಗಿತು. ಔಷಧಿ ಅಂಗಡಿಯವರು ಅರ್ಧ ಅಂಗಡಿಯನ್ನೇ ಚೀಲದಲ್ಲಿ ಹೊತ್ತು ತಂದಿದ್ದರು. ಅವನು ನಿಂತಾಗಲೆಲ್ಲ ಮಂಡಿಗೆ ಏನಾದರೊಂದು ಸಿಂಪಡಿಸುತ್ತಿದ್ದರು. ಹೆಂಡತಿ ಮಾತ್ರ ಅಡುಗೆಮನೆಯಿಂದ ನಡುಮನೆಗೆ ಬರುವಷ್ಟೇ ಆರಾಮವಾಗಿ ನಡೆಯುತ್ತಿದ್ದಳು.

ದಾರಿ ಕವಲೊಡೆಯಿತು. "ಅಳಿಯಂದ್ರೇ, ಅವತ್ತು ಯಾವ ಕಡೆ ಹೋದ್ರಿ?"

"ಎಡಕ್ಕೆ ಮಾವ." ಹೇಳಿದ ಧ್ವನಿಯಲ್ಲಿ ಸ್ವಲ್ಪವೂ ಅನುಮಾನವಿರಲಿಲ್ಲ. ಮೂವತ್ತು ಹೆಜ್ಜೆ ನಡೆದಾಗ ಎದುರಿಗೆ ಶೌಚಾಲಯ ಬಂತು. "ಮೊದಲು ಇಲ್ಲಿಗೇ ಬಂದಿದ್ದೆ" ಎಂದು ಸೇರಿಸಿದ.

"ಇನ್ನೊಂದು ತಿರುವು. ಆ ದೊಡ್ಡ ಬಂಡೆ ಹಿಂದೆ ನೀರಿದೆ, ಅಲ್ಲಿ ಕೂರೋಣ" ಎಂದಳು ಹೆಂಡತಿ. ನೀರು ಇತ್ತು.

"ನಿನಗೆ ಹೇಗೆ ಗೊತ್ತು?"

"ಬೋರ್ಡಿತ್ತಲ್ಲ, ನೋಡ್ಲಿಲ್ವಾ?"

ಅವನು ಇಷ್ಟು ಹೊತ್ತೂ ತನ್ನ ಬೂಟಿನ ತುದಿಯನ್ನಷ್ಟೇ ನೋಡಿದ್ದರಿಂದ ಇದ್ದರೂ ಇರಬಹುದು ಎಂದುಕೊಂಡ.

ನೀರು ಕುಡಿದ ಮೇಲೆ ಔಷಧಿ ಅಂಗಡಿಯವರು ಮಾವನನ್ನು ಹಿಡಿದುಕೊಂಡರು. "ಮೇಷ್ಟ್ರೇ, ಮುಖ ಕೆಂಪಾಗಿದೆ. ಕೂತ್ಕೊಳ್ಳಿ, ಬಿಪಿ ನೋಡ್ತೀನಿ."

"ನಂಗೇನಾಗಿದೆ? ಅಳಿಯಂದ್ರ ಮುಖ ನೋಡ್ರೀ, ಸುಣ್ಣ ಆಗಿದೆ!"

"ಅವ್ರದ್ದು ಆಮೇಲೆ." ಪಟ್ಟಿ ತೋಳಿಗೆ ಸುತ್ತಿದ್ದಾಯಿತು. ಯಂತ್ರದ ಸೆಲ್ ಸತ್ತಿತ್ತು. ಹೊಸ ಸೆಲ್ ಚೀಲದ ತಳದಲ್ಲೆಲ್ಲೋ ಇತ್ತು. ಮುಲಾಮು, ಹತ್ತಿ, ಕೆಮ್ಮಿನ ಸಿರಪ್ಪು ಒಂದೊಂದಾಗಿ ಬಂಡೆಯ ಮೇಲೆ ಬಂದು ಕೂರತೊಡಗಿದವು.

ಗುಮಾಸ್ತನ ತಲೆಯಲ್ಲಿ ದೀಪ ಹೊತ್ತಿತು. "ನಾನು ಮುಂದೆ ಹೋಗಿ ಕೂರೋಕೆ ಜಾಗ ನೋಡಿರ್ತೀನಿ" ಎಂದವನೇ ಹೊರಟ.

ಕೊನೆಯ ಇನ್ನೂರು ಮೆಟ್ಟಿಲುಗಳನ್ನು ಕೈಕಾಲು ನಾಲ್ಕನ್ನೂ ಊರಿ ಹತ್ತಿದ. ಇಳಿದು ಬರುತ್ತಿದ್ದ ಇಬ್ಬರು ಇವನೇನೋ ಕಳೆದುಕೊಂಡಿದ್ದಾನೆಂದು ತಿಳಿದು ತಾವೂ ಬಗ್ಗಿ ಸ್ವಲ್ಪ ಹೊತ್ತು ಹುಡುಕಿದರು.

ತುದಿಯಲ್ಲಿ ತಗಡಿನ ಮಾಡಿನ ಕಲ್ಲುಕೋಣೆ. ಒಳಗೊಬ್ಬ ಗಾರ್ಡ್, ಒಂದು ಮೇಜು, ಗೋಡೆಯುದ್ದಕ್ಕೂ ವರ್ಷವಾರು ಜೋಡಿಸಿದ ಪುಸ್ತಕಗಳು. ಆ ದಿನ ಮೊದಲ ಬಾರಿಗೆ ಗುಮಾಸ್ತನಿಗೆ ಸ್ವಂತ ಮನೆಗೆ ಬಂದಂತಾಯಿತು. ಅಷ್ಟರಲ್ಲಿ ಕೆಳಗಿನಿಂದ ಮೂರು ಸಲ ಜೋರಾಗಿ ಸೀಟಿ ಕೇಳಿತು. ಬಿಪಿ ನೋಡಿದ್ದು ಸಾಕೆಂದು ಮಾವ ತಿಳಿಸಿದ ಬಗೆ ಅದು. "ಯಾರಿಗೋ ಏನೋ ಆಗಿದೆ!" ಎಂದು ಗಾರ್ಡ್ ಕೆಳಗೆ ಓಡಿದ.

ಗುಮಾಸ್ತ ಪುಸ್ತಕ ಎಳೆದ. ಹನ್ನೆರಡು ವರ್ಷ ಹಿಂದಿನದು, ಅದೇ ತಿಂಗಳು, ಅದೇ ಭಾನುವಾರ. ಎರಡು ಹೆಸರು, ಅದರ ಕೆಳಗೆ ದೇವರೇ ಖಾಲಿ ಬಿಟ್ಟಂಥ ಒಂದು ಸಾಲು. ದಾರ ಕಟ್ಟಿದ ಪೆನ್ಸಿಲು ಅಲ್ಲೇ ಇತ್ತು. ಹರೆಯದವನ ಕೈಬರಹದಂತೆ ಅಕ್ಷರಗಳನ್ನು ತುಸು ವಾಲಿಸಿ ಹೆಸರು ಬರೆದ, ಸಹಿ ಜಡಿದ, ಕಿಟಕಿಯ ಧೂಳನ್ನು ಹೆಬ್ಬೆರಳಿಗೆ ಹಚ್ಚಿಕೊಂಡು ಸಾಲಿನ ಮೇಲೆ ಉಜ್ಜಿ ಹಳತಾಗಿಸಿದ. ಇಡೀ ಸರ್ವೀಸಿನಲ್ಲಿ ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ಅವನು ಮಾಡಿರಲಿಲ್ಲ.

ಮಾವ ಬಂದರು. ಮಂಜಿಗೆ ಅವರ ಕನ್ನಡಕ ಮಬ್ಬಾಗಿತ್ತು. "ಮಗಳೇ, ನೀನೇ ನೋಡು."

ಹೆಂಡತಿ ಪುಟ ತೆಗೆದಳು. ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು, ನಿಂತಿತು. ಸ್ವಲ್ಪ ಜಾಸ್ತಿಯೇ ಹೊತ್ತು ನಿಂತಿತು. ಆಮೇಲೆ ಹೆಬ್ಬೆರಳನ್ನು ಪುಟದ ಮೇಲೆ ಊರಿ, "ಇದೆ ಅಪ್ಪ" ಎಂದಳು.

ಮಾವ ಕನ್ನಡಕ ಒರೆಸಿಕೊಂಡು ಬಗ್ಗಿದರು. "ಆಹಾ! ಕೆತ್ತಿದ ಹಾಗಿದೆ!" ಅಳಿಯನ ಬೆನ್ನಿಗೆ ಅವರು ಗುದ್ದಿದ ಪೆಟ್ಟಿಗೆ ಗುಮಾಸ್ತನ ಉಳಿದಿದ್ದ ಉಸಿರೂ ಹೋಯಿತು. ಔಷಧಿ ಅಂಗಡಿಯವರನ್ನು ಎಳೆದುಕೊಂಡು ಮಾವ ಗಾರ್ಡಿಗೆ ವಿಷಯ ತಿಳಿಸಲು ಹೊರಗೆ ಹೋದರು.

"ರೀ, ಇಲ್ನೋಡಿ." ಹೆಂಡತಿ ಹೆಬ್ಬೆರಳು ಎತ್ತಿದಳು. ಸಹಿಯ ಕೆಳಗೆ, ಸ್ವಲ್ಪವೂ ವಾಲದ ದುಂಡಗಿನ ಅಂಕಿಗಳಲ್ಲಿ, ಇವತ್ತಿನ ತಾರೀಕಿತ್ತು.

ಗುಮಾಸ್ತ ಗೋಡೆ ಹಿಡಿದುಕೊಂಡ.

ಅವಳು ಪುಟ ತಿರುಗಿಸಿದಳು. ಮುಂದಿನ ಭಾನುವಾರ. ಅಲ್ಲಿ ಅವಳ ಹೆಸರಿತ್ತು, ಮದುವೆಗೆ ಮುಂಚಿನದು. "ಗೆಳತಿ ಮನೆಗೆ ಅಂತ ಹೇಳಿ ಬಂದಿದ್ದೆ. ಒಪ್ಪಿಗೆ ಕೊಡೋ ಮುಂಚೆ ನೀವು ಹತ್ತಿದ್ದು ನಿಜಾನಾ ಅಂತ ನೋಡ್ಬೇಕಿತ್ತು. ನಿಮ್ಮ ಹೆಸರಿರಲಿಲ್ಲ."

"ಮತ್ತೆ... ಒಪ್ಪಿದ್ದು?"

"ಇರಲಿಲ್ಲ ಅಂತಾನೇ ಒಪ್ಪಿದ್ದು. ಚಿಕ್ಕಂದಿನಿಂದ ಭಾನುವಾರ ಬಂದ್ರೆ ಅಪ್ಪ ಐದು ಗಂಟೆಗೆ ಸೀಟಿ ಊದಿ ಎಬ್ಬಿಸಿ ಊರ ಹಿಂದಿನ ಗುಡ್ಡ ಹತ್ತಿಸ್ತಿದ್ರು. ಇವರನ್ನ ಕಟ್ಕೊಂಡ್ರೆ ಭಾನುವಾರ ಮಲಗಬಹುದು ಅಂದ್ಕೊಂಡೆ. ಹನ್ನೆರಡು ವರ್ಷ ಮಲಗಿದೀನಿ. ನೀವು ಮನೇಲೇ ನಿಜ ಹೇಳಿದ್ದಿದ್ರೆ ಅಪ್ಪ ಒಂಬತ್ತು ವರ್ಷ ಮಾತು ಬಿಡ್ತಿದ್ರು, ಅಷ್ಟೇ. ಮಲಗೋಕೆ ಅಡ್ಡಿ ಇರಲಿಲ್ಲ."

ಬಾಗಿಲಲ್ಲಿ ಮಾವನ ಧ್ವನಿ ಕೇಳಿತು. ಜೊತೆಗೆ ಗಾರ್ಡ್, ಕೈಯಲ್ಲೊಂದು ಅರ್ಜಿ.

"ಅಳಿಯಂದ್ರೇ! ಇಲ್ಲಿ ಬಂದವರಿಗೆ ದಾರಿ ತೋರಿಸೋಕೆ ಸ್ವಯಂಸೇವಕರು ಬೇಕಂತೆ. ಹತ್ತು ವರ್ಷ ಹಿಂದೆನೇ ಹತ್ತಿದವರೇ ಆಗ್ಬೇಕಂತೆ. ನಾನೇ ಕಣ್ಣಾರೆ ನೋಡಿದೀನಿ ಅಂತ ಹೇಳ್ದೆ. ಪ್ರತಿ ಭಾನುವಾರ! ನಾಲ್ಕೂವರೆಗೆ ನಾನೇ ಬಂದು ಎಬ್ಬಿಸ್ತೀನಿ."

ಗಾರ್ಡ್ ತೆರೆದಿದ್ದ ಪುಟದತ್ತ ಬಗ್ಗಿದ. ಹೆಂಡತಿಯ ಬೆರಳು ಇನ್ನೂ ಅಲ್ಲೇ ಇತ್ತು. "ಇದು ನಿಮ್ಮ ಹೆಸರಾ ಅಮ್ಮಾ? ಹಾಗಾದ್ರೆ ನೀವೂ ಹಳಬರೇ! ಗಂಡ ಹೆಂಡತಿ ಇಬ್ರೂ ಬರಬಹುದು."

ಹೆಂಡತಿ ಪುಸ್ತಕವನ್ನು ಪಟ್ಟನೆ ಮುಚ್ಚಿದಳು. ಈಗ ಮುಚ್ಚಿ ಉಪಯೋಗವಿರಲಿಲ್ಲ. ಮಾವನ ಎದೆ ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಉಬ್ಬಿತ್ತು.

ಅವಳು ಗಂಡನ ಕಡೆ ನೋಡಿದ ನೋಟದಲ್ಲಿ ಮುಂದಿನ ಎಲ್ಲ ಭಾನುವಾರಗಳೂ ಇದ್ದವು. ಗುಮಾಸ್ತ ಅರ್ಜಿ ತೆಗೆದುಕೊಂಡು ಹೆಸರು, ಉದ್ಯೋಗ ತುಂಬಿ ಸಹಿ ಹಾಕಿದ. ಸಹಿಯ ಕೆಳಗೆ ಬಂದ ಪೆನ್ಸಿಲು, ಅವನ ಜೀವಮಾನದಲ್ಲೇ ಮೊದಲ ಸಲ, ಗಾಳಿಯಲ್ಲಿ ತಡೆದು ನಿಂತಿತು. ಅವನು ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಕೆಳಗೆ ತಾರೀಕು ಹಾಕಿ ಸಾರ್" ಎಂದ ಗಾರ್ಡ್. "ಇಷ್ಟು ವರ್ಷ ಗುಮಾಸ್ತಿಕೆ ಮಾಡಿದವರು, ಅದನ್ನೂ ಹೇಳಿಕೊಡಬೇಕಾ?"