ಮೆಟ್ಟಿಲಿಗೆ ಹಾಕಿಸಿದ ಎರಡು ಗೇಟು

ಮಹಡಿ ಮನೆ ಕಟ್ಟಿಸುವ ಆಸೆ ಒಳ್ಳೆಯದಲ್ಲ. ನನಗೆ ಇದು ತಡವಾಗಿ ತಿಳಿಯಿತು. ಮೆಟ್ಟಿಲೆಂದರೆ ಮೇಲೆ ಹೋಗುವ ದಾರಿ ಎಂದಷ್ಟೇ ನಂಬಿದ್ದವನಿಗೆ, ಅದರಿಂದ ಕೆಳಕ್ಕೂ ಉರುಳಬಹುದೆಂದು ಹೊಳೆದದ್ದು ಮನೆಯಲ್ಲೊಂದು ಮಗು ಅಂಬೆಗಾಲಿಡತೊಡಗಿದ ಮೇಲೆ. ತೊಂಬತ್ತರ ದಶಕದ ಕೊನೆಯಲ್ಲಿ ಹಾಸನದ ಹೊಸ ಬಡಾವಣೆಯಲ್ಲಿ ನಾನು ಕಟ್ಟಿಸಿದ ಮನೆಗೆ ಉದ್ದವೂ ಇಲ್ಲ, ಅಗಲವೂ ಇಲ್ಲ, ಎತ್ತರವೊಂದಿದೆ. ಕೆಳಗೆ ಅಡುಗೆಮನೆ, ದೇವರಮನೆ, ಹೊಳೆನರಸೀಪುರದಿಂದ ನಮ್ಮ ಜೊತೆಗೆ ಬಂದ ಅಮ್ಮನ ಕೋಣೆ. ಮೇಲೆ ನಾನು, ಹೆಂಡತಿ ಸರೋಜ, ಮಗಳು ಪುಟ್ಟಿ. ಅಮ್ಮನ ಮೊಣಕಾಲು ಆಗಲೇ ಕೈಕೊಟ್ಟಿತ್ತು. ಆದರೂ ಸಂಜೆ ದೀಪ ಹಚ್ಚಿದ ಮೇಲೆ ಗೋಡೆ ಹಿಡಿದು ಹತ್ತಿ ಬಂದು ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಳ್ಳುತ್ತಿದ್ದಳು. ಅವಳಿಗೆ ಉಳಿದಿದ್ದ ಸುಖ ಅದೊಂದೇ.

ಒಂದು ಬೆಳಿಗ್ಗೆ ಪುಟ್ಟಿ ಅಜ್ಜಿಯ ದನಿ ಕೇಳಿ ಮೇಲಿನ ಮೆಟ್ಟಿಲಿನ ಅಂಚಿಗೆ ಹೋಗಿ ಅರ್ಧ ಮೈ ಆಚೆ ಹಾಕಿದ್ದಳು. ಸರೋಜ ಓಡಿ ಬಂದು ಅವಳ ಕಾಲು ಹಿಡಿದೆಳೆದುಕೊಂಡಳು. "ಗೇಟು ಹಾಕಿಸೋ ತನಕ ನಾನು ಪಟ್ಟಣದಲ್ಲಿ ಅಮ್ಮನ ಮನೇಲಿರ್ತೀನಿ" ಎಂದಳು. ಪಟ್ಟಣವೆಂದರೆ ಚನ್ನರಾಯಪಟ್ಟಣ. ಪುಟ್ಟಿಯನ್ನೆತ್ತಿಕೊಂಡು ಹೊರಟೇಬಿಟ್ಟಳು. ಅಂದೇ ಗೇಟಿಗಾಗಿ ನನ್ನ ಅಲೆದಾಟ ಶುರುವಾಯಿತು.

ಮಗು ಬೀಳದಂತೆ ಮೆಟ್ಟಿಲಿಗೆ ಹಾಕುವ ಗೇಟು ಎಂದರೆ ಹಾಸನದ ಯಾವ ಅಂಗಡಿಯವನಿಗೂ ಅರ್ಥವಾಗುತ್ತಿರಲಿಲ್ಲ. ಒಬ್ಬ ಗಾಲಿ ಇರುವ ವಾಕರ್ ತೋರಿಸಿದ. ಮಗು ಇನ್ನೂ ಬೇಗ ಕೆಳಗೆ ತಲುಪಲು ಅದು ಅನುಕೂಲವಾಗಿತ್ತು. ಸರೋಜಳ ತವರಿನ ಬಡಗಿ, "ಮರ ಇನ್ನೂ ಅಸಿ ಐತೆ ಸಾ, ಆರಕ್ಕೆ ಒಂದೊರ್ಸ ಬುಡ್ಬೇಕು" ಎಂದ. ಅಷ್ಟರಲ್ಲಿ ಮಗುವೇ ಓಡಾಡಿಕೊಂಡಿರುತ್ತದೆ. ನಾನು ಪಾಠ ಹೇಳುವ ಕಾಲೇಜಿನ ನಂಜೇಗೌಡರು ಅರಕಲಗೂಡು ಕಡೆಯ ಮಲ್ಲಿಪಟ್ಟಣದವರು. "ಬಿದಿರು ತಡಿಕೆ ಕಟ್ಟುಸ್ಕೊಡ್ತೀನಿ ಬುಡಿ ಮೇಷ್ಟ್ರೇ. ನಮ್ ಕೊಟ್ಗೇಲಿ ಅದ್ನ ದಾಟೋ ಕುರಿಮರಿ ಇನ್ನೂ ಉಟ್ಟಿಲ್ಲ" ಎಂದರು. ಫೋನಿನಲ್ಲಿ ಇದನ್ನು ಹೇಳಿದ್ದಕ್ಕೆ ಸರೋಜ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಕೊನೆಗೆ ವೆಲ್ಡಿಂಗ್ ಅಂಗಡಿಯವನ ಕಾಲಿಗೆ ಬಿದ್ದೆ. ಅವನಿಗೆ ಗೊತ್ತಿದ್ದದ್ದು ಕಾಂಪೌಂಡ್ ಗೇಟು ಮಾತ್ರ. ಅದನ್ನೇ ಗಿಡ್ಡ ಮಾಡಿ, ಸ್ಪ್ರಿಂಗಿನ ಚಿಲಕ ಕೂರಿಸಿ, "ಎತ್ತು ಗುದ್ದುದ್ರೂ ಬಿಚ್ಕಳಾಕಿಲ್ಲ ಸಾ" ಎಂದ. ಮನೆಯಲ್ಲಿ ಎತ್ತು ಇಲ್ಲವೆಂಬುದು ನನಗೆ ನೆನಪಾಗಲಿಲ್ಲ.

ಗೇಟು ಬಂದ ದಿನ ಅಮ್ಮ ಬೆರಳು ಮಡಿಸಿ ಮನೆಯ ಬಾಗಿಲುಗಳನ್ನೆಲ್ಲ ಎಣಿಸಿದಳು.

"ಇದು ಸೇರಿದ್ರೆ ಬೆಸ ಆಗತ್ತೆ ಕಣೋ. ಮನೆ ಬಾಗಿಲು ಸಮ ಇರ್ಬೇಕು."

"ಇದು ಗೇಟಮ್ಮ, ಬಾಗಿಲಲ್ಲ."

"ಚಿಲಕ ಇದ್ಮೇಲೆ ಬಾಗಿಲೇ."

ಗಣಿತದ ಮೇಷ್ಟ್ರಾದ ನಾನು ಸಮ ಬೆಸದ ವಿಷಯದಲ್ಲಿ ಸೋತು, ಅಂಥದೇ ಇನ್ನೊಂದನ್ನು ಮಾಡಿಸಿ ಮೆಟ್ಟಿಲಿನ ಬುಡಕ್ಕೂ ಹಾಕಿಸಿದೆ. ಒಳ್ಳೆಯ ದಿನ ನೋಡಿ, ಅರಿಶಿನ ಕುಂಕುಮ ಇಟ್ಟು ಪೂಜೆಯೂ ಆಯಿತು. ಸರೋಜ ವಾಪಸು ಬಂದಳು.

ಅಲ್ಲಿಂದಾಚೆಗೆ ಅಮ್ಮ ಮೇಲೆ ಬರುವುದು ನಿಂತಿತು. ಸಂಜೆ ಕೆಳಗಿನ ಗೇಟಿನ ಮುಂದೆ ಸ್ಟೂಲು ಹಾಕಿಕೊಂಡು ಅವಳು, ಮೇಲಿನ ಗೇಟಿನ ಸರಳು ಹಿಡಿದು ಪುಟ್ಟಿ. ಜೈಲಿನಲ್ಲಿ ನೆಂಟರನ್ನು ಕಂಡ ಹಾಗೆ ಇಬ್ಬರೂ ಕೂಗಾಡಿಕೊಳ್ಳುತ್ತಿದ್ದರು. ಯಾರು ಒಳಗೆ, ಯಾರು ಹೊರಗೆ ಎಂದು ಹೇಳುವುದು ಕಷ್ಟವಾಗಿತ್ತು. ಮೊಣಕಾಲು ನೋವು ಹೆಚ್ಚಾಯಿತೆಂದುಕೊಂಡು ನಾನು ಎಣ್ಣೆ ತಂದುಕೊಟ್ಟೆ. ಅವಳು ಅದನ್ನು ಮೊಣಕಾಲಿಗೆ ಹಚ್ಚಿಕೊಂಡಳು.

ಒಂದು ಸಂಜೆ ಕಾಲೇಜಿನಿಂದ ಬಂದರೆ ಅಮ್ಮ ಮೇಲಿದ್ದಳು, ಪುಟ್ಟಿ ಅವಳ ತೊಡೆಯ ಮೇಲೆ. ಎರಡೂ ಚಿಲಕಕ್ಕೆ ಹಳೆಯ ಸೀರೆಯ ಅಂಚಿನ ತುಂಡು ನೇತಾಡುತ್ತಿತ್ತು.

"ನಿನ್ನ ಚಿಲಕ ನನ್ನ ಬೆರಳಿಗೆ ಬಗ್ಗಲ್ಲ ಕಣೋ. ಅದಕ್ಕೆ ಬಾಲ ಕಟ್ಟಿದೀನಿ" ಎಂದಳು.

ನನಗೆ ನಗು ಬಂತು. ಹಿಂದೆಯೇ ನಾನು ಮೊಣಕಾಲಿಗೆಂದು ತಂದುಕೊಟ್ಟ ಎಣ್ಣೆ ನೆನಪಾಯಿತು. ವಾರ ಕಳೆಯುವುದರೊಳಗೆ ಪುಟ್ಟಿಯೂ ಬಾಲ ಎಳೆಯುವುದನ್ನು ಕಲಿತಳು. ಎತ್ತು ಗುದ್ದಿದರೂ ಬಿಚ್ಚದ ಗೇಟು ಹೀಗೆ ಹಸುಗೂಸಿಗೆ ಸೋತಿತು. ಆಮೇಲೆ ಅಮ್ಮನೇ ಬೆಳಿಗ್ಗೆಯೇ ಹತ್ತಿ ಬಂದು, ಮೆಟ್ಟಿಲಿನ ಬಾಯಿಗೆ ಅಡ್ಡಲಾಗಿ ಕಾಲು ನೀಡಿಕೊಂಡು ಹೂ ಕಟ್ಟುತ್ತ ಕೂರುತ್ತಿದ್ದಳು. ಪುಟ್ಟಿ ತೆವಳಿಕೊಂಡು ಬಂದವಳು ಅಜ್ಜಿಯ ಮೊಣಕಾಲು ಸಿಕ್ಕಿದ ಕೂಡಲೇ ಅಲ್ಲಿಯೇ ನಿಲ್ಲುತ್ತಿದ್ದಳು, ದಾಟುತ್ತಿರಲಿಲ್ಲ. ಊರೆಲ್ಲ ಸುತ್ತಿ ನಾನು ಹುಡುಕಿದ್ದು ಆ ಮೊಣಕಾಲನ್ನೇ. ಪುಟ್ಟಿ ಸರಿಯಾಗಿ ಮಾತಾಡುವ ಮೊದಲೇ ಅಮ್ಮ ಹೋಗಿಬಿಟ್ಟಳು.

ಈಗ ಪುಟ್ಟಿ ಹೈಸ್ಕೂಲು. ಗೇಟನ್ನು ಮುಟ್ಟದೆಯೇ ಹಾರಿಕೊಂಡು ಹೋಗುತ್ತಾಳೆ. "ಇನ್ನಾದ್ರೂ ಕೀಳಿಸ್ರೀ" ಎನ್ನುತ್ತಾಳೆ ಸರೋಜ. ಬಾಗಿಲಿನ ಲೆಕ್ಕ ಕೆಡುತ್ತದೆಂದು ನಾನು ಹೇಳುತ್ತೇನೆ. ಎರಡನ್ನೂ ಕಿತ್ತರೆ ಸಮವೇ ಉಳಿಯುತ್ತದೆಂದು ಅವಳಿಗೂ ಗೊತ್ತು, ಗಣಿತ ಓದಿದ ನನಗೂ ಗೊತ್ತು. ಆ ಗೇಟು ಈಗ ತಡೆಯುವುದು ನನ್ನೊಬ್ಬನನ್ನೇ. ಮೆಟ್ಟಿಲಿನ ಬುಡದಲ್ಲಿ ನಿಂತು, ಅಮ್ಮನ ಹಾಗೆಯೇ ಗಂಟು ಬಿದ್ದ ನನ್ನ ಬೆರಳಿಗೆ ಚಿಲಕ ಬಗ್ಗದೆ, ಆಚೀಚೆ ನೋಡಿ, ಯಾರೂ ಇಲ್ಲದಿದ್ದರೆ ಅವಳು ಕಟ್ಟಿದ ಬಾಲ ಎಳೆಯುತ್ತೇನೆ.