ಬಾಯಿ ಒಂದು ಕಡೆ, ಮಾತು ಒಂದು ಕಡೆ

ಹುಣಸೂರಲ್ಲಿ ಟಿ.ವಿ., ಹೋಮ್ ಥಿಯೇಟರ್ ಕೂರಿಸೋ ಕೆಲಸ ನಂದು. ಚಿತ್ರಕ್ಕೂ ಸದ್ದಿಗೂ ತಾಳಮೇಳ ಇಲ್ಲ ಅಂತ ವಾರಕ್ಕೊಂದು ಫೋನಾದ್ರೂ ಬರದೆ ಇರಲ್ಲ. ಹೋದ ಮನೇಲಿ ಸೋತು ಎದ್ದು ಬಂದವನಲ್ಲ ನಾನು. ಜಂಬ ಅಲ್ಲ, ಇದ್ದದ್ದು ಇದ್ದಂಗೆ ಹೇಳ್ತಿದ್ದೀನಿ.

ಬಿಳಿಕೆರೆ ಅಜ್ಜಿ

ಬಿಳಿಕೆರೆಯ ಒಂದು ಮನೇಲಿ ಧಾರಾವಾಹಿಯ ಅತ್ತೆ ಬಾಯಿ ಮುಚ್ಚಿದ ಮೇಲೆ ಬೈಗುಳ ಕೇಳಿಸ್ತಿತ್ತು. ಸ್ಪೀಕರನ್ನ ಬ್ಲೂಟೂತಲ್ಲಿ ಕೂಡಿಸಿದ್ರು. ಅದರಲ್ಲಿ ಸದ್ದು ತಡವಾಗೇ ಬರೋದು. ವೈರ್ ಎಳೆದೆ. ಐದೇ ನಿಮಿಷಕ್ಕೆ ಸರಿಹೋಯ್ತು. ಮನೆಯ ಅಜ್ಜಿ ಮಾತ್ರ ಮುಖ ಸಿಂಡರಿಸಿಕೊಂಡು ಕೂತಿತ್ತು.

"ಯಾಕಜ್ಜಿ, ಸರಿಯಾಗಲಿಲ್ವಾ?"

"ಮೊದ್ಲೇ ಚೆಂದಾಗಿತ್ತು ಕಣಪ್ಪ. ಅವಳ ಬಾಯಿ ನೋಡ್ಕಂಡು, ಬೈಗುಳ ಬರೋದ್ರೊಳಗೆ ಸದ್ದು ಕಮ್ಮಿ ಮಾಡ್ಬುಡ್ತಿದ್ದೆ."

ಹಂಪಾಪುರದ ವಿಕೆಟ್ಟು

ಹಂಪಾಪುರದ ರೈತರೊಬ್ಬರು ಕ್ರಿಕೆಟ್ ಮ್ಯಾಚ್ ನಡೀತಿರೋವಾಗಲೇ ಫೋನ್ ಮಾಡಿದ್ರು. "ನೀನು ಕೂರಿಸಿದ್ದು ಲೇಟು ಕಣಯ್ಯಾ, ಬಾ ಬೇಗ!"

ಹೋಗಿ ನೋಡಿದ್ರೆ ಬ್ಯಾಟಿಗೂ ಸದ್ದಿಗೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. "ತಡಿ" ಅಂದ್ರು. ಬೌಲರ್ ಇನ್ನೂ ಓಡಿ ಬರ್ತಿದ್ದ, ಪಕ್ಕದ ಮನೆಯಿಂದ "ಔಟ್!" ಅಂತ ಕೂಗು. ಆಮೇಲೆ ಇವರ ಟಿ.ವಿ.ಯಲ್ಲಿ ವಿಕೆಟ್ ಬಿತ್ತು.

ಪಕ್ಕದವರದು ಡಿಶ್ಶು, ನಿಮ್ಮದು ಇಂಟರ್ನೆಟ್ಟು, ಅದರಲ್ಲಿ ಆಟ ಹಿಂದೆಯೇ ಬರೋದು, ನೀವೂ ಡಿಶ್ ಹಾಕಿಸಿಬಿಡಿ ಅಂತ ಬಿಡಿಸಿ ಹೇಳಿದೆ.

"ಅವನು ಹಾಕ್ಸಿದ್ನೇ ನಾನೂ ಹಾಕ್ಸೋದಾ? ಅದೆಲ್ಲ ಬ್ಯಾಡ ಬುಡು. ನೀನು ಅವನ ಮನೆಗೋಗಿ, ಅವನದನ್ನೇ ಹಿಂದಕ್ಕೆ ಮಾಡ್ಬುಟ್ಟು ಬಾ."

ಹ್ಯಾಂಡ್‌ಪೋಸ್ಟ್ ಯಜಮಾನ್ರು

ಹ್ಯಾಂಡ್‌ಪೋಸ್ಟ್ ಹತ್ತಿರದ ಯಜಮಾನರೊಬ್ಬರು ಬೀಗರನ್ನ ಊಟಕ್ಕೆ ಕರೆದಿದ್ರು. ಊಟಕ್ಕೆ ಮುಂಚೆ ಮಗಳ ಮದುವೆ ವಿಡಿಯೋನ ಹೊಸ ಹೋಮ್ ಥಿಯೇಟರಲ್ಲಿ ತೋರಿಸಬೇಕು. "ನಾನು ಮಾತಾಡಿರೋದೇ ಸರಿಯಾಗಿ ಬತ್ತಿಲ್ಲ. ಬೀಗ್ರ ಮುಂದೆ ಮಾನ ಉಳಿಸಪ್ಪ" ಅಂದ್ರು.

ವಿಡಿಯೋದಲ್ಲಿ ಅವರು ಮೈಕ್ ಹಿಡಿದು ಬಂದೋರಿಗೆಲ್ಲ ವಂದನೆ ಹೇಳ್ತಿದ್ರು. ಮಾತು ನಿಂತ ಮೇಲೂ ಬಾಯಿ ಆಡ್ತಿತ್ತು. ಅಂದ್ರೆ ಸದ್ದು ಮುಂದಾಗಿದೆ. ಇದೆಲ್ಲ ನನಗೆ ನೀರು ಕುಡಿದಷ್ಟು ಸಲೀಸು. ಸದ್ದನ್ನ ತಡ ಮಾಡ್ತಾ ಹೋದೆ. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ. ಒಂದು ಗಂಟೆ ತಿಣುಕಿದ ಮೇಲೆ ಬಾಯಿಗೂ ಮಾತಿಗೂ ಹೆಚ್ಚುಕಮ್ಮಿ ಕೂಡ್ತು. ಅಷ್ಟರಲ್ಲಿ ಬೀಗರು ಬಂದು ಕೂತರು.

ವಿಡಿಯೋದಲ್ಲಿ ಧಾರೆ ಶುರುವಾಯ್ತು. ಡೋಲಿನವನು ಬಡಿದು ಕೋಲು ಮೇಲೆತ್ತಿದ ಮೇಲೆ ಡೋಲಿನ ಸದ್ದು. ನಾದಸ್ವರದವನು ಊದೋದು ನಿಲ್ಲಿಸಿದ ಮೇಲೂ ನಾದ. ಬೀಗರು ಮೀಸೆಯಲ್ಲೇ ನಕ್ಕು, "ಏನ್ ಬೀಗ್ರೇ, ಅವತ್ತು ವಾಲಗದವ್ರನ್ನ ಸುಮ್ನೆ ಕೂರ್ಸಿ ರೆಕಾರ್ಡ್ ಹಾಕ್ಸಿದ್ರಾ?" ಅಂದೇಬಿಟ್ರು. ಅಯ್ಯಯ್ಯೋ ಅಂತ ರಿಮೋಟ್ ಕೈಗೆತ್ತಿಕೊಂಡೆ.

ಯಜಮಾನ್ರು ಮುಖ ಕೆಂಪಗೆ ಮಾಡ್ಕೊಂಡು ನನ್ನ ಕಡೆ ತಿರುಗಿ, "ಇದೇನಯ್ಯಾ ಮಾಡಿದ್ದು?" ಅಂದ್ರು. ಮಾತು ಮುಗೀತು, ಬಾಯಿ ಮಾತ್ರ ಆಡ್ತಾನೇ ಇತ್ತು. ದವಡೆ ತುಂಬ ಎಲೆ ಅಡಿಕೆ! ಮದುವೆ ದಿನಾನೂ ಅದನ್ನ ಉಗಿಯದೇ ಮೈಕ್ ಹಿಡಿದಿದ್ದಾರೆ ಪುಣ್ಯಾತ್ಮ.

ತಕ್ಷಣ ಸೆಟ್ಟಿಂಗನ್ನ ಸೊನ್ನೆಗೆ ಇಳಿಸಿದೆ. ವಾಲಗ ಸರಿಯಾಯ್ತು, ಮಾನವೂ ಉಳೀತು. "ಎಲ್ಲ ಸರಿಯಾಗಿದೆ, ಯಜಮಾನ್ರ ಬಾಯಿ ಒಂದು ಮಾತ್ರ ನನ್ನ ಕೈಲಾಗಲ್ಲ" ಅಂತ ಒಪ್ಕೊಂಡೆ.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡ್ತಿ ಅಂದ್ರು: "ಆ ಬಾಯ್ನ ಸರಿಮಾಡೋಕೆ ಮೂವತ್ತು ವರ್ಸದಿಂದ ನನ್ ಕೈಲೇ ಆಗ್ನಿಲ್ಲ, ನೀನೊಂದು ರಿಮೋಟ್ ಹಿಡ್ಕಂಡು ಬಂದ್ಬುಟ್ಯಾ?"