ಕಾಲು ನೆಲಕ್ಕೆ ತಾಗಿದೆಯೇ ಎಂದು ಕೇಳಿದ ಪರದೆಗೆ

ಇನ್‌ಸ್ಪೆಕ್ಷನ್ ವಿಭಾಗ,
ಮಹದೇವಪುರ ಕೈಗಾರಿಕಾ ಪ್ರದೇಶ, ಬೆಂಗಳೂರು
೧೮ ನವೆಂಬರ್ ೧೯೯೬

ಇವರಿಗೆ: ವಿಭಾಗದ ಏಕೈಕ ಕಂಪ್ಯೂಟರಿನ ಹದಿನಾಲ್ಕು ಇಂಚಿನ ಪರದೆಯವರು
(ಕ್ಯಾಂಟೀನಿನ ನೋಟೀಸ್ ಬೋರ್ಡಿನ ಮೂಲಕ)

ಮಾನ್ಯರೇ,

ತಾವು ಕ್ಷೇಮವೇ ಎಂದು ವಿಚಾರಿಸುವುದು ಪತ್ರದ ಪದ್ಧತಿಯಾದರೂ, ಇಡೀ ಕಾರ್ಖಾನೆಯಲ್ಲಿ ತಮ್ಮ ಕೋಣೆಗೆ ಮಾತ್ರ ಏ.ಸಿ. ಹಾಕಿಸಿರುವುದನ್ನೂ, ಸಂಜೆ ತಮಗೆ ಪ್ಲಾಸ್ಟಿಕ್ ಹೊದಿಕೆ ಹೊದಿಸುವುದನ್ನೂ, ತಮಗೆ ಧೂಳು ತಾಗೀತೆಂದು ನಾವೆಲ್ಲ ಬಾಗಿಲಾಚೆ ಚಪ್ಪಲಿ ಬಿಟ್ಟು ತಣ್ಣಗೆ ಕೊರೆಯುವ ನೆಲದ ಮೇಲೆ ಬರಿಗಾಲಲ್ಲಿ ನಡೆದು ಬರುವುದನ್ನೂ ನೋಡಿದ ಮೇಲೆ ಆ ಪ್ರಶ್ನೆ ಕೇಳಲು ನನಗೆ ಸಂಕೋಚವಾಗುತ್ತದೆ. ಆಯುಧಪೂಜೆಯ ದಿನ ತಮ್ಮ ಹಣೆಗೆ ಕುಂಕುಮವಿಟ್ಟವನು ನಾನೇ. ಅದು ಗಾಜಿನ ಬಲಮೂಲೆಯಲ್ಲಿ ಇನ್ನೂ ಅಂಟಿಕೊಂಡಿರುವುದಕ್ಕೆ ಕ್ಷಮೆ ಕೋರಿ ವಿಷಯಕ್ಕೆ ಬರುತ್ತೇನೆ.

ತಾವು ಕೋಣೆ ಬಿಟ್ಟು ಹೊರಗೆ ಬಂದವರಲ್ಲವಾದ್ದರಿಂದ, ನಮ್ಮ ಕಾರ್ಖಾನೆಯಲ್ಲಿ ಏನು ತಯಾರಾಗುತ್ತದೆ ಎಂಬುದನ್ನು ಹೇಳಬೇಕಾಗಿದೆ. ನೀರೆತ್ತುವ ಪಂಪುಗಳಿಗೆ ಹಾಕುವ ಹಿತ್ತಾಳೆಯ ಬುಷ್‌ಗಳು, ಅಂದರೆ ತಿರುಗುವ ದಂಡದ ಸುತ್ತ ಕೂರುವ ಬಳೆಗಳು. ಒಂದು ಬುಷ್‌ನ ಒಳಗಿನ ಅಳತೆ ಕೂದಲೆಳೆಯಷ್ಟು ಹೆಚ್ಚಾದರೂ ಪಂಪು ಆರು ತಿಂಗಳಲ್ಲಿ ಕಿರುಚತೊಡಗುತ್ತದೆ. ಆದ್ದರಿಂದ ಪ್ರತಿಯೊಂದನ್ನೂ ಅಳೆದು, ಸರಿಯಿದ್ದುದಕ್ಕೆ ರುಜು ಹಾಕುವುದು, ಸರಿಯಿಲ್ಲದ್ದಕ್ಕೆ ಕೆಂಪು ಬಣ್ಣ ಬಳಿದು ಹಿಂದಕ್ಕೆ ಕಳಿಸುವುದು ನಮ್ಮ ಮೂವರ ಕೆಲಸವಾಗಿತ್ತು: ನಾನು, ಚಿಕ್ಕಮುನಿಯಪ್ಪ, ಮತ್ತು ಹತ್ತೊಂಬತ್ತು ವರ್ಷಗಳಿಂದ ಹೂಡಿಯಿಂದ ನಡೆದೇ ಬಂದು ಹೋಗುತ್ತಿದ್ದ ಮಾರಕ್ಕನವರು. ಈ ದೀಪಾವಳಿಯ ನಂತರ ನಮ್ಮ ವರದಿಗಳೆಲ್ಲ ತಮ್ಮ ಮೇಲೆ, ಇಂಗ್ಲಿಷಿನಲ್ಲಿ ಮೂಡಬೇಕೆಂದು ಆಡಳಿತ ವರ್ಗ ತೀರ್ಮಾನಿಸಿತು. ಅದಕ್ಕಾಗಿ ತಾಂತ್ರಿಕ ಇಂಗ್ಲಿಷನ್ನೂ ಕಂಪ್ಯೂಟರಿನ ಮುಂದೆ ಆರೋಗ್ಯಕರವಾಗಿ ಕುಳಿತುಕೊಳ್ಳುವ ಕ್ರಮವನ್ನೂ ಒಟ್ಟಿಗೇ ಕಲಿಸುವ ಪಾಠವೊಂದು ಫ್ಲಾಪಿಯಲ್ಲಿ ಬಂತು. ಪಾಠದ ಕೊನೆಯ ಪರೀಕ್ಷೆಯಲ್ಲಿ ಪಾಸಾದವರು ಇನ್‌ಸ್ಪೆಕ್ಷನ್‌ನಲ್ಲಿ ಉಳಿಯುವುದು, ಫೇಲಾದವರು ಪ್ಯಾಕಿಂಗ್‌ಗೆ ಹೋಗಿ ಪೆಟ್ಟಿಗೆಗಳಿಗೆ ಒಣಹುಲ್ಲು ತುಂಬುವುದು ಎಂದು ಸುತ್ತೋಲೆಯಲ್ಲಿತ್ತು.

ತಮ್ಮ ಬೋಧನಾ ಶೈಲಿಯನ್ನು ನಾನು ಎಷ್ಟು ಹೊಗಳಿದರೂ ಕಡಿಮೆಯೇ. ಮಾದರಿಗೆಂದು ಹಸಿರು ಗೆರೆಗಳಲ್ಲಿ ಚಿತ್ರಿಸಿದ ಆ ಸಜ್ಜನರು ತಮ್ಮೊಳಗೆ ಎಷ್ಟು ನೆಟ್ಟಗೆ ಕುಳಿತಿದ್ದರು! ಅವರ ಪಾದಗಳು ನೆಲದ ಮೇಲೆ, ಮೊಣಕೈಗಳು ಕೀಲಿಮಣೆಯ ಮಟ್ಟಕ್ಕೆ, ಕಣ್ಣುಗಳು ಪರದೆಯ ಮೇಲಂಚಿನ ನೇರಕ್ಕೆ, ಬೆನ್ನು ಕುರ್ಚಿಯ ಬೆನ್ನಿಗೆ. ಇಪ್ಪತ್ತು ನಿಮಿಷಕ್ಕೊಮ್ಮೆ ಅವರು ದೂರದ ಒಂದು ಮರವನ್ನು ನೋಡುತ್ತಿದ್ದರು. ನಮ್ಮ ಕೋಣೆಯಲ್ಲಿ ದೃಷ್ಟಿ ಹಾಯಿಸಬಹುದಾದ ಅತಿ ದೂರದ ವಸ್ತು ನಾಲ್ಕು ಅಡಿ ಆಚೆಯ ಗೋಡೆ. ಅದನ್ನೇ ಮರವೆಂದು ಭಾವಿಸಿ ನೋಡುವ ಅಭ್ಯಾಸವನ್ನು ನಾವೂ ಮಾಡಿಕೊಂಡೆವು. ಇನ್ನು ತಮ್ಮನ್ನು ಪ್ರತಿಷ್ಠಾಪಿಸಿರುವುದು, ಮೊದಲು ನಿಂತುಕೊಂಡು ಕಬ್ಬಿಣದ ತಗಡಿಗೆ ಗುರುತು ಹಾಕುತ್ತಿದ್ದ ಮೂವತ್ತಾರು ಅಂಗುಲ ಎತ್ತರದ ಮೇಜಿನ ಮೇಲೆ. ನಮ್ಮನ್ನು ಕೂರಿಸಿರುವುದು ಡ್ರಿಲ್ಲಿಂಗ್ ಮೆಷಿನ್ನಿನ ಮುಂದಿದ್ದ ಸ್ಟೂಲಿನ ಮೇಲೆ. ಅದಕ್ಕೆ ಬೆನ್ನಿಲ್ಲ.

ಪರೀಕ್ಷೆಯಲ್ಲಿ ತಾವು ಹತ್ತು ಇಂಗ್ಲಿಷ್ ವಾಕ್ಯಗಳನ್ನು ತೋರಿಸಿದಿರಿ. “ನನ್ನ ಪಾದಗಳು ನೆಲಕ್ಕೆ ತಾಗಿವೆ: ಸರಿಯಾಗಿದ್ದರೆ ‘ವೈ’ ಒತ್ತಿ, ತಪ್ಪಾಗಿದ್ದರೆ ‘ಎನ್’ ಒತ್ತಿ” ಎಂಬ ರೀತಿಯವು. ಚಿಕ್ಕಮುನಿಯಪ್ಪ ಎರಡು ನಿಮಿಷದೊಳಗೆ ಹತ್ತು ಸಲ ‘ವೈ’ ಒತ್ತಿ ಬೀಡಿ ಸೇದಲು ಹೊರಟುಹೋದ; ಅವನು ಒಂದು ವಾಕ್ಯವನ್ನೂ ಓದಲಿಲ್ಲವೆಂದು ಅವನೇ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ನಾನು ಹತ್ತನ್ನೂ ಓದಿದೆ, ಅರ್ಥ ಮಾಡಿಕೊಂಡೆ, ಸ್ಟೂಲಿನಿಂದ ಕಾಲು ಇಳಿಬಿಟ್ಟುಕೊಂಡೇ ಹತ್ತು ಸಲ ‘ವೈ’ ಒತ್ತಿದೆ. ಇಬ್ಬರಿಗೂ ಹತ್ತಕ್ಕೆ ಹತ್ತು.

ಮಾರಕ್ಕನವರು ತಮ್ಮ ಮುಂದೆ ಕುಳಿತವರೇ ಮೊದಲ ವಾಕ್ಯವನ್ನು ಎರಡು ಸಲ ಓದಿದರು. ನಕ್ಷೆಗಳ ಅಂಚಿನಲ್ಲಿ ಬರೆದ ಇಂಗ್ಲಿಷನ್ನು ಹತ್ತೊಂಬತ್ತು ವರ್ಷ ಓದಿದ ಅವರಿಗೆ ಅದು ಕಷ್ಟವಾಗಲಿಲ್ಲ. ಕಷ್ಟ ಬಂದದ್ದು ಆಮೇಲೆ. ನಮ್ಮ ವಿಭಾಗದಲ್ಲಿ ಅಳೆಯದೆ ಯಾವುದಕ್ಕೂ ಹೌದು ಎನ್ನುವ ಪದ್ಧತಿಯಿಲ್ಲ. ಅವರು ಸ್ಟೂಲಿನಿಂದ ಇಳಿದು, ಡ್ರಾಯರಿನಿಂದ ಟೇಪು ತಂದು, ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಮತ್ತೆ ಹತ್ತಿ ಕುಳಿತು ಅಳೆಯತೊಡಗಿದರು. ಪಾದಕ್ಕೂ ನೆಲಕ್ಕೂ ಏಳು ಅಂಗುಲ ಅಂತರ. ಕೀಲಿಮಣೆ ಮೊಣಕೈಗಿಂತ ನಾಲ್ಕು ಅಂಗುಲ ಮೇಲೆ. ಪರದೆಯ ಮೇಲಂಚು ಕಣ್ಣಿಗಿಂತ ಮೂರೂವರೆ ಅಂಗುಲ ಮೇಲೆ. ಬೀಡಿ ಮುಗಿಸಿ ಬಂದ ಚಿಕ್ಕಮುನಿಯಪ್ಪನಿಗೆ ತಡೆಯಲಾಗಲಿಲ್ಲ.

“ಏನಕ್ಕಾ, ಕಂಪ್ಯೂಟ್ರಿಗೆ ಬ್ಲೌಸ್ ಒಲಿಸ್ತೀಯಾ? ಅದೇನ್ ನಿನ್ ಕಾಲ್ ನೋಡ್ತದಾ? ಸುಮ್ನೆ ಒತ್ತು, ಬಾ.”

“ಅದುಕ್ಕೆ ಕಾಣಾಕಿಲ್ಲ ಅಂತ್ಲೇ ಅಲ್ವೇನೋ ನನ್ನ ಕೇಳ್ತಿರೋದು,” ಎಂದು ಮಾರಕ್ಕನವರು ‘ಎನ್’ ಒತ್ತಿದರು.

ಹೀಗೆ ಒಂಬತ್ತು ಸಲ. ನನ್ನ ಕೈಗಳು ಶುಚಿಯಾಗಿವೆ ಎಂಬ ಕೊನೆಯ ವಾಕ್ಯಕ್ಕೆ ಮಾತ್ರ, ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡು, ‘ವೈ’ ಒತ್ತಿದರು. ತಾವು ಹತ್ತಕ್ಕೆ ಒಂದು ಅಂಕ ಕೊಟ್ಟು, ಕೀರಲು ದನಿಯಲ್ಲಿ ಒಮ್ಮೆ ಕೂಗಿ, ಇಂಗ್ಲಿಷ್ ಸಾಲದೆಂದು ತೀರ್ಪಿತ್ತಿರಿ. ನಮ್ಮ ಮೂವರಲ್ಲಿ ಪ್ರಶ್ನೆಗೆ ಉತ್ತರ ಕೊಟ್ಟವರು ಅವರೊಬ್ಬರೇ ಆದ್ದರಿಂದ, ಫೇಲು ಮಾಡಲು ಬೇರೆ ಯಾರೂ ಇರಲಿಲ್ಲ ಎಂಬುದನ್ನು ನಾನು ಒಪ್ಪುತ್ತೇನೆ.

ಅವರು ಸುಮ್ಮನಾಗಲಿಲ್ಲ. ಬುಷ್‌ಗೆ ಬರೆಯುವಂತೆಯೇ ಆ ಸ್ಟೂಲು ಮೇಜುಗಳಿಗೂ ಒಂದು ವರದಿ ಬರೆದರು: ಇರಬೇಕಾದ ಅಳತೆ, ಇರುವ ಅಳತೆ, ತೀರ್ಮಾನ. ತೀರ್ಮಾನದ ಕಾಲಮ್ಮಿನಲ್ಲಿ ಒಂಬತ್ತು ಸಲ ‘ರಿಜೆಕ್ಟ್’ ಎಂದು ತಪ್ಪಿಲ್ಲದ ಇಂಗ್ಲಿಷಿನಲ್ಲಿತ್ತು. ತರಬೇತಿ ಅಧಿಕಾರಿ ಮಲ್ಲಿಕ್ ಅವರು ಅದನ್ನು ಓದಿ ನಿಜವಾಗಿಯೂ ಮರುಗಿದರು. “ನೀವ್ ಹೇಳೋದೆಲ್ಲ ಕರೆಕ್ಟೇ ಮೇಡಂ. ಆದ್ರೆ ಸಿಸ್ಟಮ್ ಫೇಲ್ ಅಂತಿದೆ. ಸಿಸ್ಟಮ್ ಹತ್ರ ನಾನ್ ಹೋಗಿ ಜಗಳ ಆಡಕ್ಕಾಗತ್ತಾ?” ಎಂದರು. ಆಮೇಲೆ ಆ ವರದಿಯನ್ನು ನಾಲ್ಕಾಗಿ ಮಡಚಿ, ತಾವು ಅಲುಗದಂತೆ ಮೇಜಿನ ಕುಂಟುಕಾಲಿನ ಕೆಳಗಿಟ್ಟರು. ಮರುಪರೀಕ್ಷೆಯೂ ಆಯಿತು. ಮಾರಕ್ಕನವರು ಮತ್ತೆ ಅಳೆದರು. ಕಾಗದದ ದಪ್ಪದಷ್ಟು ತಾವು ಮೇಲೇರಿದ್ದನ್ನು ಬಿಟ್ಟರೆ ಬೇರೇನೂ ಬದಲಾಗಿರಲಿಲ್ಲ, ಅವರ ಉತ್ತರಗಳೂ. ಹೋದ ಸೋಮವಾರದಿಂದ ಅವರು ಪ್ಯಾಕಿಂಗ್‌ನಲ್ಲಿದ್ದಾರೆ.

ಮಹನೀಯರಾದ ತಮ್ಮಲ್ಲಿ ನನ್ನ ಬೇಡಿಕೆಗಳು ಅಲ್ಪ. ತಮ್ಮೊಳಗಿನ ಆ ಸಜ್ಜನರನ್ನು ಒಂದೇ ಒಂದು ಪಾಳಿಯ ಮಟ್ಟಿಗೆ ಹೊರಗೆ ಕಳಿಸಿ, ನಮ್ಮ ಸ್ಟೂಲಿನ ಮೇಲೆ ಕೂರಿಸಿ, ಅವರ ಕತ್ತಿನ ಅಭಿಪ್ರಾಯ ಕೇಳಬೇಕು. ಅವರಿಗೆ ಬಿಡುವಿಲ್ಲದಿದ್ದರೆ ಅವರ ಕುರ್ಚಿಯನ್ನಾದರೂ ಗಾಜಿನ ಮೂಲಕ ದಾಟಿಸಿಕೊಡಬೇಕು. ಅದೂ ನಿಯಮಕ್ಕೆ ಹೊರತಾದರೆ ಕಾರ್ಖಾನೆಯ ನೆಲವನ್ನು ಏಳು ಅಂಗುಲ ಮೇಲೆತ್ತಿಸಬೇಕು; ಮೆಷಿನ್ನುಗಳನ್ನು ಮತ್ತೆ ಕೂರಿಸುವ ತೊಂದರೆಯನ್ನು ನಾವು ನೋಡಿಕೊಳ್ಳುತ್ತೇವೆ. ಇವೆಲ್ಲಕ್ಕಿಂತ ಸುಲಭವಾದ ಇನ್ನೊಂದು ದಾರಿಯಿದೆ: ‘ಎನ್’ ಎಂಬುದೂ ಒಂದು ಉತ್ತರವೆಂದು ತಾವು ಕಲಿತುಕೊಂಡು, ಮಾರಕ್ಕನವರನ್ನು ಅವರ ಜಾಗಕ್ಕೆ ಕರೆಸುವುದು. ಅದು ತಮ್ಮ ಶಕ್ತಿಗೆ ಮೀರಿದ್ದಾದರೆ, ಆ ‘ಎನ್’ ಕೀಲಿಯನ್ನು ಕಿತ್ತು ನಮ್ಮ ಕೈಗೆ ಕೊಡಿ. ನಮ್ಮಲ್ಲಿ ಅದಕ್ಕೆ ಕೆಲಸವಿದೆ.

ಅವರಿದ್ದ ಜಾಗದ ಕೆಲಸವನ್ನೂ ಈಗ ನಾನೇ ಮಾಡುತ್ತಿದ್ದೇನೆ. ಪ್ರತಿ ಬುಷ್‌ಗೂ ತಾವು “ಇದನ್ನು ಅಳೆಯಲಾಗಿದೆಯೇ?” ಎಂದು ಕೇಳುತ್ತೀರಿ. ‘ಎನ್’ ಒತ್ತಿದರೆ ವರದಿ ಮೊದಲ ಸಾಲಿಗೆ ಹಿಂತಿರುಗುತ್ತದೆ, ಪಾಳಿ ಮುಗಿಯುವುದರೊಳಗೆ ನಾನೂರು ಮುಗಿಯಬೇಕು, ನಾವು ಇಬ್ಬರೇ ಇದ್ದೇವೆ. ತಮ್ಮ ಕೃಪೆಯಿಂದ ನನ್ನ ತಾಂತ್ರಿಕ ಇಂಗ್ಲಿಷ್ ದಿನದಿನಕ್ಕೂ ಸರಾಗವಾಗುತ್ತಿದೆ.

ಹತ್ತಕ್ಕೆ ಹತ್ತು ಅಂಕಗಳ ಭಾರದಿಂದ ತಲೆ ಬಾಗಿರುವ,
ತಮ್ಮ ವಿಶ್ವಾಸಿ,
ಗದಿಗೆಪ್ಪ

ತಾ.ಕ.: ಪ್ಯಾಕಿಂಗ್‌ನಲ್ಲಿ ಅಳೆಯುವ ಕೆಲಸ ಯಾರಿಗೂ ಇಲ್ಲ. ಆದರೂ ಶನಿವಾರ ಮಾರಕ್ಕನವರು ಊಟದ ಬಿಡುವಿನಲ್ಲಿ, ಮೊಳೆ ಹೊಡೆಯಬೇಕಿದ್ದ ಒಂದು ಪೆಟ್ಟಿಗೆಯನ್ನು ಬಿಚ್ಚಿ ಅಳೆದು, ಹನ್ನೊಂದು ಬುಷ್‌ಗಳಿಗೆ ಕೆಂಪು ಬಣ್ಣ ಬಳಿದು ನನ್ನ ಮೇಜಿಗೆ ತಂದಿಟ್ಟು ಹೋದರು. ತಮ್ಮ ದಾಖಲೆಯಲ್ಲಿ ಆ ಹನ್ನೊಂದೂ ಬುಷ್‌ಗಳ ಮುಂದೆ, ಅಳೆಯದೆ ಒತ್ತಿದ ‘ವೈ’ ನನ್ನ ಹೆಸರಿನಲ್ಲಿದೆ. ಅಳಿಸಲು ನೋಡಿದೆ. “ನಿಮಗೆ ಖಚಿತವೇ?” ಎಂದು ತಾವು ಕೇಳಿದಿರಿ.